ವಿಳಾಸ ತಪ್ಪಿದ ದೂರು: ಆಟಗಾರರ ಪಕ್ಷಾಂತರವೂ ಪ್ರೇಕ್ಷಕರ ಧಿಕ್ಕಾರವೂ



 ಯಾವ ಮಹನೀಯರ ಹೆಸರಿನಲ್ಲಿ ಈ ದತ್ತಿ ಉಪನ್ಯಾಸ ನಡೆದುಬರುತ್ತಿರುವುದೋ ಆ ಮೇಷ್ಟ್ರು, ಅಧ್ಯಾಪನ ವೃತ್ತಿಯ ಜೊತೆಗೆ ಲೀಗ್ ಪಂದ್ಯಗಳಲ್ಲಿ ಅಂಪೈರಾಗಿ ನಿಂತು, ಬೌಂಡರಿಯ ಆಚೆ ಕುಳಿತವರ ಕೂಗನ್ನು ಸಹನೆಯಿಂದ ಕೇಳಿಸಿಕೊಂಡವರೆಂಬುದನ್ನು ಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ಆದುದರಿಂದ ಪ್ರೇಕ್ಷಕರ ಜಯಕಾರ ಧಿಕ್ಕಾರಗಳನ್ನೇ ನಾನು ವಿಷಯವಾಗಿ ಆರಿಸಿಕೊಂಡದ್ದು ಅವರ ಸ್ಮರಣೆಗೆ ಅನುಚಿತವಾಗಲಾರದೆಂದು ನಂಬಿದ್ದೇನೆ.

1. ಪೀಠಿಕೆ

ಒಂದು ತಂಡದ ಮೇಲಣ ಅಭಿಮಾನ ಮನುಷ್ಯನಲ್ಲಿ ಹೇಗೆ ಮೊಳೆಯುತ್ತದೆ, ಒಂಟಿಯಾಗಿರುವಾಗ ಮೃದುಭಾಷಿಯಾದವನು ಸಮೂಹದಲ್ಲಿ ಹೇಗೆ ಉಚ್ಚಕಂಠನಾಗುತ್ತಾನೆ ಎಂಬ ಪ್ರಾಥಮಿಕ ವಿಚಾರಗಳನ್ನು ನಾನಿಲ್ಲಿ ವಿಸ್ತರಿಸುವುದಿಲ್ಲ. ಫ್ರಾನ್ಸಿನ ಗುಸ್ತಾವ್ ಲ ಬಾನ್ 1895ರಲ್ಲಿ ಜನಸಮೂಹವನ್ನು ಕುರಿತು ಬರೆದ ಗ್ರಂಥದಿಂದ ಮೊದಲ್ಗೊಂಡು ಈ ವಿಷಯದ ಸಾಹಿತ್ಯ ವಿಪುಲವಾಗಿದೆ. ಆಸಕ್ತರಿಗೆ ಅದು ಗ್ರಂಥಾಲಯಗಳಲ್ಲಿ ದೊರೆಯುವುದು. ಐಪಿಎಲ್ ಪಂದ್ಯಾವಳಿ 2008ರಲ್ಲಿ ಪ್ರಾರಂಭವಾದುದು, ಅದರಲ್ಲಿ ಆಟಗಾರನು ಹರಾಜಿನಿಂದಲೋ ಟ್ರೇಡ್ ಎಂಬ ವಿನಿಮಯದಿಂದಲೋ ಒಂದು ತಂಡವನ್ನು ಬಿಟ್ಟು ಮತ್ತೊಂದನ್ನು ಸೇರುವುದು, ಇವೂ ಎಲ್ಲರಿಗೆ ತಿಳಿದ ಸಂಗತಿಗಳೇ. ಆದರೂ ಒಂದು ಮಾತನ್ನು ಹೇಳದೆ ಮುಂದುವರಿಯಲಾರೆ. 2025ರ ಜೂನ್ 4ರಂದು ಬೆಂಗಳೂರಿನ ಚಿನ್ನಸ್ವಾಮಿ ಕ್ರೀಡಾಂಗಣದ ಹೊರಗೆ, ಬೆಂಗಳೂರು ತಂಡ ಹದಿನೆಂಟು ವರ್ಷ ಕಾದು ಪಡೆದ ಐಪಿಎಲ್ ಕಪ್ಪಿನ ಸಂಭ್ರಮಕ್ಕೆಂದು ಬಂದ ಜನರಲ್ಲಿ 11 ಮಂದಿ ನೂಕುನುಗ್ಗಲಿಗೆ ಸಿಲುಕಿ ಪ್ರಾಣ ಕಳೆದುಕೊಂಡ ಮೇಲೆ, ಪ್ರೇಕ್ಷಕರನ್ನು ಬರಿಯ ಗದ್ದಲವೆಂದೋ ಆದಾಯದ ಬಾಬ್ತೆಂದೋ ಎಣಿಸುವ ಪದ್ಧತಿ ಇನ್ನು ಯಾರಿಗೂ ಶೋಭಿಸತಕ್ಕದ್ದಲ್ಲ. ಜನರು ಕೂಗುವಾಗ ಏನನ್ನು ಹೇಳುತ್ತಿದ್ದಾರೆಂಬುದನ್ನು ವಿಚಾರಿಸುವುದು ಅವರಿಗೆ ನಾವು ಸಲ್ಲಿಸಬೇಕಾದ ಕನಿಷ್ಠ ಗೌರವ.

2. ಪ್ರಚಲಿತವಾದ ಮೂರು ಮತಗಳು

ತಂಡವನ್ನು ಬದಲಿಸಿದ ಆಟಗಾರನನ್ನು ಪ್ರೇಕ್ಷಕರು ಮೂದಲಿಸುವುದೇಕೆ ಎಂಬ ಪ್ರಶ್ನೆಗೆ ಮೂರು ಉತ್ತರಗಳು ಬಳಕೆಯಲ್ಲಿವೆ. ಅದು ಅಶಿಷ್ಟಾಚಾರವೆಂಬುದು ಒಂದು ಮತ. ಪ್ರಾಂತಾಭಿಮಾನದ ವಿಕಾರವೆಂಬುದು ಇನ್ನೊಂದು. ಸಮೂಹಕ್ಕೆ ಸಹಜವಾದ ಚಾಂಚಲ್ಯವೆಂಬುದು ಮೂರನೆಯದು. ಈ ಮೂರನ್ನೂ ನಾನು ಒಪ್ಪಲಾರೆನು. ನನ್ನ ಪ್ರತಿಪಾದನೆಯನ್ನು ಮೊದಲೇ ಹೇಳಿಬಿಡುತ್ತೇನೆ: ಪ್ರೇಕ್ಷಕರ ಧಿಕ್ಕಾರವೆಂಬುದು ಒಂದು ದೂರು; ಆ ದೂರಿನಲ್ಲಿ ಬಹುಮಟ್ಟಿಗೆ ನ್ಯಾಯವಿರುತ್ತದೆ; ಆದರೆ ಅನೇಕ ವೇಳೆ ಅದರ ವಿಳಾಸ ತಪ್ಪಿರುತ್ತದೆ.

ಪ್ರಾಂತಾಭಿಮಾನದ ಮತವನ್ನು ನಿರಾಕರಿಸಲು ಹೆಚ್ಚು ಶ್ರಮ ಬೇಕಾಗಿಲ್ಲ. ದೆಹಲಿಯ ವಿರಾಟ್ ಕೊಹ್ಲಿಯವರನ್ನೂ ದಕ್ಷಿಣ ಆಫ್ರಿಕದ ಎಬಿ ಡಿ ವಿಲಿಯರ್ಸ್ ಅವರನ್ನೂ ಮನೆಮಕ್ಕಳಂತೆ ಎತ್ತಿ ಆಡಿಸಿದ ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ, 2025ರ ಏಪ್ರಿಲ್ 10ರಂದು ನಮ್ಮವರೇ ಆದ ಕೆ.ಎಲ್. ರಾಹುಲ್ ಡೆಲ್ಲಿ ತಂಡದ ಪರವಾಗಿ ಔಟಾಗದೆ 93 ಓಟಗಳನ್ನು ಗಳಿಸಿ ಬೆಂಗಳೂರನ್ನು ಸೋಲಿಸಿ, ಇದು ನನ್ನ ನೆಲವೆಂದು ಸಾರುವಂತೆ ‘ಕಾಂತಾರ’ ಚಿತ್ರವನ್ನು ನೆನೆದು ಬ್ಯಾಟಿನಿಂದ ವೃತ್ತವೊಂದನ್ನು ಎಳೆದರಷ್ಟೆ. ಹುಟ್ಟಿದ ಊರು ಯಾವುದು, ತೊಟ್ಟ ಅಂಗಿ ಯಾವುದು ಎಂಬೆರಡು ಗಣನೆಗಳು ಇಂದಿನ ಕ್ರೀಡೆಯಲ್ಲಿ ಬೇರೆಬೇರೆಯಾಗಿ ಹೋಗಿವೆಯೆಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ಬೇಕಾಗಿಲ್ಲ. ಉಳಿದೆರಡು ಮತಗಳು ಹೆಚ್ಚಿನ ಪರಿಶೀಲನೆಯನ್ನು ಬೇಡುತ್ತವೆ. ಅದಕ್ಕಾಗಿ ಒಂದು ಪ್ರಕರಣವನ್ನು ವಿವರವಾಗಿ ನೋಡೋಣ.

3. 2024ರ ಪ್ರಕರಣ

ಗುಜರಾತಿನಲ್ಲಿ ಹುಟ್ಟಿ ಬರೋಡದಲ್ಲಿ ಆಟವನ್ನು ಕಲಿತ ಹಾರ್ದಿಕ್ ಪಾಂಡ್ಯ, 2015ರಿಂದ ಮುಂಬಯಿ ಇಂಡಿಯನ್ಸ್ ತಂಡದಲ್ಲಿ ಬೆಳೆದು ಹೆಸರಾದರು. 2022ರಲ್ಲಿ ಹೊಸದಾಗಿ ಬಂದ ಗುಜರಾತ್ ಟೈಟನ್ಸ್ ತಂಡದ ನಾಯಕರಾಗಿ ಮೊದಲ ವರ್ಷವೇ ಕಪ್ಪನ್ನು ಗೆದ್ದುಕೊಟ್ಟರು. ಮರುವರ್ಷ ತಂಡವನ್ನು ಫೈನಲ್ಲಿಗೆ ಒಯ್ದರು. 2023ರ ನವೆಂಬರಿನಲ್ಲಿ ಅವರು ಟ್ರೇಡ್ ಮೂಲಕ ಮುಂಬಯಿಗೆ ಮರಳಿದರು. ಡಿಸೆಂಬರ್ 15ರಂದು ಮುಂಬಯಿ ಇಂಡಿಯನ್ಸ್ ಸಂಸ್ಥೆಯು, ಐದು ಸಲ ಕಪ್ಪನ್ನು ತಂದ ರೋಹಿತ್ ಶರ್ಮ ಅವರ ಬದಲಿಗೆ ಪಾಂಡ್ಯ ನಾಯಕರೆಂದು ಪ್ರಕಟಿಸಿತು. ಅನಂತರ ನಡೆದದ್ದು ಸರ್ವವಿದಿತ. 2024ರ ಮಾರ್ಚ್ 24ರಂದು ಅಹಮದಾಬಾದಿನಲ್ಲಿ, ಅದಾದ ಮೇಲೆ ಹೈದರಾಬಾದಿನಲ್ಲಿ, ಕೊನೆಗೆ ಏಪ್ರಿಲ್ 1ರಂದು ತಮ್ಮದೇ ತಂಡದ ತವರಾದ ವಾಂಖೆಡೆಯಲ್ಲಿ ಸಹ, ಟಾಸಿಗೆ ಬಂದ ಅವರನ್ನು ಪ್ರೇಕ್ಷಕರು ‘ಬೂ’ ಎಂದು ಕೂಗಿ ಎದುರುಗೊಂಡರು.

ಪತ್ರಿಕೆಗಳೂ ಟೀಕಾಕಾರರೂ ಈ ಮೂರು ಊರುಗಳ ಕೂಗನ್ನು ಒಂದೇ ರಾಶಿಗೆ ಸೇರಿಸಿ ಮಾತಾಡಿದರು. ನನ್ನ ಮುಖ್ಯವಾದ ಆಕ್ಷೇಪ ಇಲ್ಲಿಯೇ ಇದೆ. ಅಹಮದಾಬಾದಿನ ಕೂಗು ಬಿಟ್ಟು ಹೋದವನ ಮೇಲೆ. ವಾಂಖೆಡೆಯ ಕೂಗು ಬಂದು ಕುಳಿತವನ ಮೇಲೆ. ಐಪಿಎಲ್ ಟ್ರೇಡಿಗೆ ಆಟಗಾರನ ಸಮ್ಮತಿ ಅವಶ್ಯಕ. ಅಲ್ಲದೆ ಪಾಂಡ್ಯ ತಾವೇ ಮರಳುವ ಅಪೇಕ್ಷೆಯನ್ನು ಸೂಚಿಸಿದರೆಂದು ಗುಜರಾತ್ ತಂಡದ ನಿರ್ದೇಶಕ ವಿಕ್ರಮ್ ಸೋಲಂಕಿ ಬಹಿರಂಗವಾಗಿಯೇ ಹೇಳಿದ್ದರು. ಹೀಗಿರುವಾಗ ಅಹಮದಾಬಾದಿನವರ ದೂರು, ಇಂಪಾಗಿರಲಿ ಇಲ್ಲದಿರಲಿ, ಸೇರಬೇಕಾದವರಿಗೇ ಸೇರಿತು. ವಾಂಖೆಡೆಯಲ್ಲಿ ಸಂಗತಿ ಹಾಗಿರಲಿಲ್ಲ. ನಾಯಕನನ್ನು ಇಳಿಸುವುದೂ ಏರಿಸುವುದೂ ಸಂಸ್ಥೆಯ ಅಧಿಕಾರ. ಆ ಅಧಿಕಾರವನ್ನು ನಡೆಸಿದವರು ಮೈದಾನದ ಮಧ್ಯದಲ್ಲಿರಲಿಲ್ಲ. ಜನರ ಕಣ್ಣಿಗೆ ಕಾಣಿಸುತ್ತಿದ್ದವನು ಆಟಗಾರನೊಬ್ಬನೇ ಆದುದರಿಂದ ಸಂಸ್ಥೆಗೆ ಸಲ್ಲಬೇಕಾದ ಧಿಕ್ಕಾರವನ್ನು ಆತನೇ ಹೊತ್ತುಕೊಳ್ಳಬೇಕಾಯಿತು.

ಅಂದು ಟಾಸನ್ನು ನಡೆಸಿಕೊಟ್ಟ ಸಂಜಯ್ ಮಂಜ್ರೇಕರ್, ಸರಿಯಾಗಿ ನಡೆದುಕೊಳ್ಳಿರೆಂದು ಜನಕ್ಕೆ ಹೇಳಿದರು. ಕೂಗು ಇನ್ನಷ್ಟು ಏರಿತು. ಅವರ ಉದ್ದೇಶ ಒಳ್ಳೆಯದೇ ಇದ್ದಿರಬೇಕು. ಆದರೆ ದೂರು ಹೇಳುತ್ತಿರುವವರಿಗೆ ದೂರಿನ ಉತ್ತರವನ್ನು ಕೊಡದೆ ನಡತೆಯ ಪಾಠವನ್ನು ಹೇಳಿದರೆ, ಇವರು ನಮ್ಮ ಮಾತನ್ನು ಕೇಳಿಸಿಕೊಳ್ಳುವುದೇ ಇಲ್ಲವೆಂದು ಅವರು ತಿಳಿಯುವುದು ಸ್ವಾಭಾವಿಕ. ಅಶಿಷ್ಟಾಚಾರದ ಮತದಲ್ಲಿರುವ ಕೊರತೆ ಇದೇ: ಅದು ಧ್ವನಿಯನ್ನು ತೂಗುತ್ತದೆ, ಅರ್ಥವನ್ನು ತೂಗುವುದಿಲ್ಲ.

ರವಿಚಂದ್ರನ್ ಅಶ್ವಿನ್ ಅವರ ವಾದ ಇದಕ್ಕಿಂತ ಗಟ್ಟಿಯಾದದ್ದು, ಆದುದರಿಂದ ಹೆಚ್ಚು ಗೌರವದಿಂದ ಎದುರಿಸತಕ್ಕದ್ದು. ಪ್ರೇಕ್ಷಕರು ಒಬ್ಬ ಆಟಗಾರನನ್ನು ಮೂದಲಿಸಿದರೆ ಅದಕ್ಕೆ ತಂಡವು ಏಕೆ ಸಮಜಾಯಿಷಿ ನೀಡಬೇಕೆಂದು ಅವರು ಕೇಳಿದರು. ಸಚಿನ್ ನಾಯಕತ್ವದಲ್ಲಿ ಗಂಗೂಲಿ, ಗಂಗೂಲಿಯವರ ನಾಯಕತ್ವದಲ್ಲಿ ಸಚಿನ್, ಇವರಿಬ್ಬರೂ ದ್ರಾವಿಡ್ ನಾಯಕತ್ವದಲ್ಲಿ ಆಡಿದ್ದುಂಟೆಂದು ನೆನಪಿಸಿದರು. ನಿಜ, ಹಿರಿಯನು ಕಿರಿಯನ ಕೈಕೆಳಗೆ ಆಡುವುದು ಕ್ರಿಕೆಟಿನಲ್ಲಿ ಅವಮಾನವಲ್ಲ. ಆದರೆ ವಾಂಖೆಡೆಯ ದೂರು ಅದಾಗಿರಲಿಲ್ಲ. ಆ ಸಂಸ್ಥೆ ತನ್ನನ್ನು ‘ಒಂದೇ ಕುಟುಂಬ’ವೆಂದು ಕರೆದುಕೊಂಡು, ಆ ಹೆಸರಿನಲ್ಲಿಯೇ ಜನರ ಪ್ರೀತಿಯನ್ನೂ ಹಣವನ್ನೂ ಬೇಡಿದೆ. ಭವಿಷ್ಯಕ್ಕೆ ಸಿದ್ಧರಾಗುವ ಕುರಿತು ಕೆಲವು ಸಾಮಾನ್ಯೋಕ್ತಿಗಳನ್ನು ಹೇಳಿತಾದರೂ, 2024ರ ಮಾರ್ಚ್ 18ರ ಪತ್ರಿಕಾಗೋಷ್ಠಿಯಲ್ಲಿ ನಾಯಕತ್ವವನ್ನು ಬದಲಿಸಿದ ಕಾರಣವೇನೆಂದು ನೇರವಾಗಿ ಕೇಳಿದಾಗ, ಪಾಂಡ್ಯ ಅವರ ಪಕ್ಕದಲ್ಲಿ ಕುಳಿತಿದ್ದ ತರಬೇತುದಾರ ಮಾರ್ಕ್ ಬೌಚರ್ ಉತ್ತರ ಹೇಳದೆ ಉಳಿದರು. ಕುಟುಂಬವೆಂದು ಕರೆದ ಮೇಲೆ ಕುಟುಂಬದವರಿಗೆ ಕಾರಣ ಹೇಳುವ ಹೊಣೆಯೂ ಬಂದೇ ಬರುತ್ತದೆ. ಅಂದು ಹೇಳದೆ ಬಿಟ್ಟ ಉತ್ತರದ ಬೆಲೆಯನ್ನು ಹದಿನಾಲ್ಕು ದಿನಗಳ ತರುವಾಯ ಪಾಂಡ್ಯ ವಾಂಖೆಡೆಯಲ್ಲಿ ತೆತ್ತರು. ಅಶ್ವಿನ್ ಅವರ ಪ್ರಶ್ನೆಗೆ ನನ್ನ ಉತ್ತರ ಇದು: ತಂಡವು ಸಮಜಾಯಿಷಿ ಹೇಳಬೇಕಾದದ್ದು, ಹೇಳದಿದ್ದರೆ ಅದರ ಆಟಗಾರನೇ ದಂಡ ತೆರಬೇಕಾಗುತ್ತದೆಂಬ ಕಾರಣಕ್ಕೆ.

ಚಾಂಚಲ್ಯದ ಮತದವರು ಒಂದು ದಿನಾಂಕವನ್ನು ಮುಂದಿಡುತ್ತಾರೆ. ಅದೇ ವರ್ಷ ಜೂನ್ 29ರಂದು ಬಾರ್ಬಡೋಸಿನ ವಿಶ್ವಕಪ್ ಫೈನಲ್ಲಿನ ಕೊನೆಯ ಓವರನ್ನು ಪಾಂಡ್ಯ ಎಸೆದು ಭಾರತವನ್ನು 7 ಓಟಗಳಿಂದ ಗೆಲ್ಲಿಸಿದರು. ಜುಲೈ 4ರಂದು ಅದೇ ವಾಂಖೆಡೆ ‘ಹಾರ್ದಿಕ್, ಹಾರ್ದಿಕ್’ ಎಂದು ಮೊಳಗಿತು. ಮೂರು ತಿಂಗಳಲ್ಲಿ ಬುದ್ಧಿ ಬದಲಾಯಿಸುವ ಜನರ ಮಾತಿಗೆ ಬೆಲೆಯೆಲ್ಲಿ ಎಂದು ಇವರ ಪ್ರಶ್ನೆ. ಗೆಲುವಿನ ಹರ್ಷದ ಪಾಲು ಅದರಲ್ಲಿ ದೊಡ್ಡದೇ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಅಂದಿನ ವೇದಿಕೆಯ ಮೇಲೆ ನಾಯಕ ಯಾರು, ಉಪನಾಯಕ ಯಾರು ಎಂಬುದನ್ನು ಗಮನಿಸಬೇಕು. ನಾಯಕ ರೋಹಿತ್, ಉಪನಾಯಕ ಹಾರ್ದಿಕ್. ಜನರ ಮನಸ್ಸಿನಲ್ಲಿದ್ದ ಸ್ಥಾನಕ್ರಮ ಅಲ್ಲಿ ಭಂಗವಾಗಿರಲಿಲ್ಲ. ಭಂಗವಾಗದಿದ್ದಲ್ಲಿ ಅದೇ ವ್ಯಕ್ತಿಗೆ ಅದೇ ಜನ ಜಯಕಾರ ಹಾಕಿದರು. ಏಪ್ರಿಲಿನಲ್ಲಿ ಅವರು ದೂರಿದ್ದು ಆ ಸ್ಥಾನವನ್ನು ಹಂಚಿದ ಬಗೆಯನ್ನೇ ಎಂಬುದಕ್ಕೆ ಜುಲೈ ತಿಂಗಳು ಸಾಕ್ಷಿ. ಅದನ್ನು ಚಾಂಚಲ್ಯವೆನ್ನುವವರು ಜನರ ಸ್ಥೈರ್ಯವನ್ನೇ ತಪ್ಪಾಗಿ ಓದಿದ್ದಾರೆ.

4. ದೂಡಿಸಿಕೊಂಡವನು, ತಾನಾಗಿ ಹೋದವನು

ಪ್ರೇಕ್ಷಕರು ವಿವೇಚನೆಯಿಲ್ಲದೆ ಕೂಗುವುದಿಲ್ಲವೆಂಬುದಕ್ಕೆ ಎರಡು ದೃಷ್ಟಾಂತಗಳನ್ನು ಎದುರೆದುರಾಗಿ ಇಡುತ್ತೇನೆ. 2011ರ ಹರಾಜಿನಲ್ಲಿ ಸೌರವ್ ಗಂಗೂಲಿಯವರನ್ನು ಕೋಲ್ಕತಾ ಸಹಿತ ಯಾವ ತಂಡವೂ ಕೊಳ್ಳಲಿಲ್ಲ. ಆಮೇಲೆ ಅವರು ಪುಣೆ ತಂಡವನ್ನು ಸೇರಿದರು. 2012ರ ಮೇ 5ರಂದು ಪುಣೆಯ ನಾಯಕರಾಗಿ ಈಡನ್ ಗಾರ್ಡನ್ಸಿಗೆ ಬಂದಾಗ ಕೋಲ್ಕತೆಯ ಪ್ರೇಕ್ಷಕವರ್ಗ ಇಬ್ಭಾಗವಾಗಿ, ಅದರಲ್ಲೊಂದು ದೊಡ್ಡ ಪಾಲು ತನ್ನೂರಿನ ತಂಡದ ಎದುರಾಳಿಗೇ ಜಯಕಾರ ಹಾಕಿತು. ದೂಡಿಸಿಕೊಂಡು ಹೋದವನನ್ನು ಯಾರೂ ದ್ರೋಹಿಯೆನ್ನಲಿಲ್ಲ.

ಇದಕ್ಕೆ ಪ್ರತಿಯಾಗಿ ಸ್ಪೇನಿನ ಪ್ರಸಂಗ. ಪೋರ್ಚುಗಲ್ಲಿನ ಲೂಯಿಸ್ ಫಿಗೊ 2000ದ ಜುಲೈಯಲ್ಲಿ, ಬಾರ್ಸಿಲೋನದ ಕರಾರಿನಲ್ಲಿ ನಮೂದಾಗಿದ್ದ ಬಿಡುಗಡೆಯ ಮೊತ್ತವನ್ನು ರಿಯಲ್ ಮ್ಯಾಡ್ರಿಡ್ ಕಟ್ಟಿದ್ದರಿಂದ, ಆ ಬದ್ಧ ಪ್ರತಿಸ್ಪರ್ಧಿ ತಂಡಕ್ಕೆ ಹೋದರು. ಅಕ್ಟೋಬರಿನಲ್ಲಿ ಕ್ಯಾಂಪ್ ನೌ ಕ್ರೀಡಾಂಗಣಕ್ಕೆ ಮರಳಿದಾಗ, ಚೆಂಡು ಅವರ ಕಾಲಿಗೆ ತಾಗಿದಾಗಲೆಲ್ಲ ಸಿಳ್ಳೆಗಳು ಆಕಾಶಕ್ಕೇರಿದವು. ನಮ್ಮಲ್ಲಿ ಮೆಚ್ಚುಗೆಯ ಗುರುತಾದ ಸಿಳ್ಳೆ ಅಲ್ಲಿ ಧಿಕ್ಕಾರದ ಗುರುತು. ಅದೇ ನಾಡಿನಲ್ಲಿ 2005ರ ನವೆಂಬರಿನಲ್ಲಿ ಬಾರ್ಸಿಲೋನದ ರೊನಾಲ್ಡಿನ್ಯೊ ಮ್ಯಾಡ್ರಿಡನ್ನು ಅದರ ಸ್ವಂತ ಅಂಗಣದಲ್ಲೇ ಸೋಲಿಸಿದಾಗ, ಮ್ಯಾಡ್ರಿಡಿನ ಪ್ರೇಕ್ಷಕರು ಎದ್ದುನಿಂತು ಚಪ್ಪಾಳೆ ತಟ್ಟಿದರು. ಶತ್ರುವಿನ ಕೌಶಲವನ್ನು ಮೆಚ್ಚುವ ಔದಾರ್ಯವೂ, ತಾನಾಗಿ ಬಿಟ್ಟು ಹೋದವನನ್ನು ಕ್ಷಮಿಸದ ಕಾಠಿಣ್ಯವೂ ಗ್ಯಾಲರಿಯಲ್ಲಿ ಒಟ್ಟಿಗೆ ಇರಬಲ್ಲವು.

5. ನಮ್ಮ ಊರಿನ ಒಂದು ತಪ್ಪು, ಮತ್ತು ಒಂದು ಮೇರೆ

ನಮ್ಮ ಬೆಂಗಳೂರಿನವರು ಇದಕ್ಕೆ ಹೊರತೆಂದು ಹೇಳುವ ಸ್ವಾತಂತ್ರ್ಯ ನನಗಿಲ್ಲ. 2019ರ ಜನವರಿಯ ರಣಜಿ ಸೆಮಿಫೈನಲ್ಲಿನಲ್ಲಿ ಕರ್ನಾಟಕದ ವಿರುದ್ಧ ಸೌರಾಷ್ಟ್ರದ ಚೇತೇಶ್ವರ ಪೂಜಾರ, ಬ್ಯಾಟಿಗೆ ತಾಗಿದ ಚೆಂಡನ್ನು ಕೀಪರ್ ಹಿಡಿದರೂ ಕ್ರೀಸು ಬಿಡಲಿಲ್ಲವೆಂದು ನಮ್ಮವರು ಭಾವಿಸಿ, ಆಸ್ಟ್ರೇಲಿಯಾದಲ್ಲಿ 521 ಓಟಗಳನ್ನು ಹೊಡೆದು ಅದೇ ತಿಂಗಳು ದೇಶಕ್ಕೆ ಕೀರ್ತಿ ತಂದಿದ್ದವರನ್ನು ‘ಚೀಟರ್’ ಎಂದು ಕೂಗಿದರು. ಅವರು 131 ಓಟಗಳನ್ನು ಗಳಿಸಿ ಔಟಾಗದೆ ಉಳಿದು ಸೌರಾಷ್ಟ್ರವನ್ನು ಫೈನಲ್ಲಿಗೆ ಒಯ್ದರು. ಅಂಪೈರ್ ಕೊಡದ ಔಟನ್ನು ಬ್ಯಾಟುಗಾರನೇ ಕೊಟ್ಟುಕೊಳ್ಳಬೇಕೆಂಬ ನಿಯಮ ಕ್ರಿಕೆಟಿನಲ್ಲಿಲ್ಲ. ಕರೆ ತಪ್ಪಾಗಿದ್ದರೆ ಅದು ತೀರ್ಪಿನ ತಪ್ಪು. ತೀರ್ಪನ್ನು ಪರಿಶೀಲಿಸುವ ಸಾಧನವನ್ನು ಒದಗಿಸದಿದ್ದ ಆಡಳಿತದ ತಪ್ಪು. ಅಲ್ಲಿಯೂ ಕಣ್ಣೆದುರಿಗೆ ನಿಂತಿದ್ದವನು ಆಟಗಾರ. ಅಂಪೈರಾಗಿ ನಿಂತು ತಾವೇ ಜನರ ಕೋಪವನ್ನು ಸ್ವೀಕರಿಸಿದ ನಮ್ಮ ಮೇಷ್ಟ್ರು ಈ ಮಾತನ್ನು ಒಪ್ಪುತ್ತಿದ್ದರೆಂದು ನಾನು ಭಾವಿಸುತ್ತೇನೆ.

ಮೇರೆಯ ಮಾತನ್ನೂ ಹೇಳಬೇಕು. ಧಿಕ್ಕಾರವು ಕೃತ್ಯವನ್ನು ಕುರಿತಿರುವವರೆಗೆ ಮಾತ್ರ ಅದು ದೂರು. 2021ರ ಜನವರಿಯಲ್ಲಿ ಸಿಡ್ನಿಯಲ್ಲಿ ಮೊಹಮ್ಮದ್ ಸಿರಾಜ್ ಅವರಿಗೆ ಕೇಳಿಸಿದ ನಿಂದೆ ಹುಟ್ಟನ್ನು ಕುರಿತದ್ದು. 2002ರ ನವೆಂಬರಿನಲ್ಲಿ ಕ್ಯಾಂಪ್ ನೌನಲ್ಲಿ ಫಿಗೊ ಅವರತ್ತ ತೂರಿಬಂದ ಶೀಶೆಗಳೂ ಹಂದಿಯ ತಲೆಯೂ ಶರೀರವನ್ನು ಗುರಿಮಾಡಿದವು. ಇವಕ್ಕೆ ಯಾವ ಸಮರ್ಥನೆಯೂ ಇಲ್ಲ. ಮೇರೆ ಮೀರುವ ಮೊದಲೇ ಕೂಗನ್ನು ತಡೆಯುವ ಉಪಾಯ ಆಟಗಾರರ ಕೈಯಲ್ಲಿಯೂ ಇದೆ. 2019ರ ಜೂನಿನಲ್ಲಿ ಲಂಡನ್ನಿನ ಓವಲ್‌ನಲ್ಲಿ ಸ್ಟೀವ್ ಸ್ಮಿತ್ ಪರವಾಗಿ, 2024ರ ಏಪ್ರಿಲಿನಲ್ಲಿ ವಾಂಖೆಡೆಯಲ್ಲಿ ಪಾಂಡ್ಯ ಪರವಾಗಿ, ವಿರಾಟ್ ಕೊಹ್ಲಿ ಪ್ರೇಕ್ಷಕರಿಗೆ ಸನ್ನೆ ಮಾಡಿದ್ದು ಅಂಥ ಉಪಾಯ. ಅದು ಪ್ರಶಂಸನೀಯ. ಆದರೆ ಆಟಗಾರನ ಸೌಜನ್ಯವು ಸಂಸ್ಥೆಯ ಹೊಣೆಗಾರಿಕೆಗೆ ಬದಲಿಯಾಗಲಾರದು.

6. ಉಪಸಂಹಾರ

ಸ್ಪೇನಿನ ಫುಟ್‌ಬಾಲ್ ಅಂಗಣಗಳಲ್ಲಿ ಒಂದು ಪದ್ಧತಿಯುಂಟು. ತಂಡದ ಆಡಳಿತದ ಮೇಲೆ ಅಸಮಾಧಾನಗೊಂಡ ಪ್ರೇಕ್ಷಕರು ಅಧ್ಯಕ್ಷರು ಕುಳಿತಿರುವ ಕಡೆಗೆ ತಿರುಗಿ ಬಿಳಿಯ ಕರವಸ್ತ್ರಗಳನ್ನು ಬೀಸುತ್ತಾರೆ. ಬಾರ್ಸಿಲೋನದಂಥ ಸಂಸ್ಥೆಗಳಲ್ಲಿ ಸದಸ್ಯರೇ ಮತ ನೀಡಿ ಅಧ್ಯಕ್ಷರನ್ನು ಆರಿಸುವುದರಿಂದ ಆ ಕರವಸ್ತ್ರಕ್ಕೆ ತೂಕವೂ ಇದೆ. ನಮ್ಮ ಲೀಗಿನಲ್ಲಿ ಮತವೂ ಇಲ್ಲ, ಅಂಥ ಪದ್ಧತಿಯೂ ಇಲ್ಲ. ಒಂದು ತಂಡ ಮತ್ತೊಂದಕ್ಕೆ ಟ್ರೇಡಿನಲ್ಲಿ ಕೊಟ್ಟ ಹಣವೆಷ್ಟೆಂಬುದನ್ನು ತಿಳಿಯುವ ಹಕ್ಕೂ ಪ್ರೇಕ್ಷಕನಿಗಿಲ್ಲ. ಈ ಹಣವನ್ನು ಪ್ರಕಟಿಸುವಂತೆಯೂ, ನಾಯಕನನ್ನು ಬದಲಿಸಿದಾಗ ನಿರ್ಧಾರ ಮಾಡಿದವರೇ ಕಾರಣವನ್ನು ಹೇಳುವಂತೆಯೂ ಕ್ರಿಕೆಟ್ ಮಂಡಳಿ ನಿಯಮವನ್ನು ಮಾಡಬೇಕೆಂಬುದು ನನ್ನ ಸೂಚನೆ. ಅಲ್ಲಿಯವರೆಗೆ ಪ್ರೇಕ್ಷಕರಲ್ಲಿ ನನ್ನದೊಂದು ವಿನಂತಿಯಿದೆ: ಕೂಗುವ ಹಕ್ಕನ್ನು ಬಿಟ್ಟುಕೊಡಬೇಡಿ; ಕೂಗುವ ಮುನ್ನ ಇದನ್ನು ಮಾಡಿದವರು ಯಾರೆಂದು ಒಮ್ಮೆ ಕೇಳಿಕೊಳ್ಳಿ, ಮತ್ತು ಮಾಡಿದವರು ಮಾಲೀಕರಾದರೆ ಅವರು ಕುಳಿತಿರುವ ಕಡೆಗೆ ತಿರುಗಿ ಕೂಗಿ.