ಒಂಬತ್ತನೇ ಪ್ರಶ್ನೆ

ಮಧ್ಯೆ ರೈಲಿನ ಸದ್ದು ಕೇಳಿಸಿದ್ರೆ ಬೇಜಾರು ಮಾಡ್ಕೋಬೇಡಿ. ಸಹಕಾರನಗರದ ಮನೆಯಲ್ಲೇ ಕೂತು ರೆಕಾರ್ಡ್ ಮಾಡ್ತಿದ್ದೀನಿ, ಕೊಡಿಗೇಹಳ್ಳಿ ಗೇಟ್ ಇಲ್ಲಿಂದ ದೂರ ಇಲ್ಲ. ಮನೆಯಿಂದ ಪ್ರಸಾರ ಮಾಡೋದು ನಮ್ಮ ಸೈಕಾಲಜಿಯವರಿಗೆ ಹೊಸದಲ್ಲ ಬಿಡಿ. 1935ರಲ್ಲಿ ಮೈಸೂರಿನ ತಮ್ಮ ಮನೆಯಿಂದಲೇ 'ಆಕಾಶವಾಣಿ' ಶುರು ಮಾಡಿದ ಎಂ.ವಿ. ಗೋಪಾಲಸ್ವಾಮಿ ಅವರು ಮನಶ್ಶಾಸ್ತ್ರದ ಪ್ರಾಧ್ಯಾಪಕರೇ.

ವಿಷಯಕ್ಕೆ ಬರ್ತೀನಿ. ಕಳೆದ ವಾರ ನನ್ನ ವಾಟ್ಸಾಪ್‌ಗೆ ಮೂರು ಗೂಗಲ್ ಫಾರ್ಮ್ ಬಂದವು. "ಅಕ್ಕ ಪ್ಲೀಸ್, ಎರಡೇ ನಿಮಿಷ, ಡಿಸರ್ಟೇಶನ್‌ಗೆ ನೂರು ರೆಸ್ಪಾನ್ಸ್ ಬೇಕು." ನಿಮಗೂ ಬಂದಿರುತ್ತೆ. ನಾನೂ ಹೀಗೆ ಕಳಿಸಿದವಳೇ.

2023ರ ಮಾರ್ಚ್, ಎಂ.ಎಸ್ಸಿ ಕೊನೆಯ ವರ್ಷ. ನಮ್ಮ ಏರಿಯಾದಲ್ಲಿ ಪಿಜಿಗಳಿಗೇನು ಬರ ಇಲ್ಲವಲ್ಲ, ಪಿಜಿಯಲ್ಲಿ ಇರೋರ ಒಂಟಿತನ ಮತ್ತು ಖಿನ್ನತೆ ಅಂತ ವಿಷಯ ತಗೊಂಡೆ. ಖಿನ್ನತೆ ಅಳೆಯೋಕೆ ಪಿಎಚ್‌ಕ್ಯೂ-9. ಜಗತ್ತಿನಾದ್ಯಂತ ಬಳಸೋ ಪ್ರಶ್ನಾವಳಿ ಇದು. ಕಳೆದ ಎರಡು ವಾರ ಹೇಗಿತ್ತು ಅಂತ ಒಂಬತ್ತು ಪ್ರಶ್ನೆ. ಪ್ರತಿಯೊಂದಕ್ಕೂ ಸೊನ್ನೆಯಿಂದ ಮೂರರವರೆಗೆ ಅಂಕ, ಒಟ್ಟು 27. ನಿದ್ದೆ, ಹಸಿವು, ಸುಸ್ತು, ಆಸಕ್ತಿ ಹೀಗೆಲ್ಲ ಕೇಳ್ತಾ ಹೋಗಿ ಕೊನೆಯದು, ಸತ್ತರೆ ಮೇಲು ಅಥವಾ ನನಗೆ ನಾನೇ ನೋವು ಮಾಡ್ಕೋಬೇಕು ಅನ್ನೋ ಯೋಚನೆ ಬಂದಿದೆಯಾ ಅಂತ.

ಒಂದು ರಾತ್ರಿ ಶೀಟ್ ಡೌನ್‌ಲೋಡ್ ಮಾಡಿ ಮೊಬೈಲಲ್ಲೇ ನೋಡ್ತಿದ್ದೆ. 43ನೇ ಸಾಲು. ಕೊನೆಯ ಕಾಲಂನಲ್ಲಿ 3. ಅಂದ್ರೆ, ಹೆಚ್ಚುಕಡಿಮೆ ಪ್ರತಿದಿನ.

ಹೆಸರು ಇಲ್ಲ. ಫೋನ್ ನಂಬರ್ ಇಲ್ಲ. ಫಾರ್ಮ್ ಮೇಲೆ ನಾನೇ ದಪ್ಪ ಅಕ್ಷರದಲ್ಲಿ ಬರೆದಿದ್ದೆ, ನಿಮ್ಮ ಗುರುತು ಯಾರಿಗೂ ಸಿಗೋದಿಲ್ಲ ಅಂತ. ಅದೇ ನನ್ನ ಎಥಿಕ್ಸ್ ಅಂದ್ಕೊಂಡಿದ್ದೆ. ಮಾತು ಉಳಿಸಿಕೊಂಡಿದ್ದೆ ನಿಜ. ಆದ್ರೆ ಯಾರೋ ಒಬ್ರು ಅಷ್ಟು ದೊಡ್ಡ ಮಾತು ಹೇಳಿದಾಗ ಫಾರ್ಮ್ ಅವರಿಗೆ ಕೊಟ್ಟ ಉತ್ತರ 'ಥ್ಯಾಂಕ್ ಯೂ ಫಾರ್ ಯುವರ್ ರೆಸ್ಪಾನ್ಸ್'.

ಬೆಳಗ್ಗೆ ಗೈಡ್ ಹತ್ರ ಹೋದೆ. ಅವರು ಶೀಟ್ ನೋಡಿ, "ಡೇಟಾ ಸರಿಯಾಗಿದೆಯಲ್ಲ, ಇರಲಿ ಬಿಡಮ್ಮ" ಅಂದ್ರು. ಕೆಟ್ಟವರಲ್ಲ ಅವರು. ಅವರಿಗೂ ಯಾರೂ ಹೇಳಿಕೊಟ್ಟಿರಲಿಲ್ಲ ಅನ್ಸುತ್ತೆ. ನಾನು ಫಾರ್ಮ್ ಹಾಕಿದ್ದ ಎಲ್ಲ ಗ್ರೂಪ್‌ಗಳಿಗೂ ಮತ್ತೆ ಮೆಸೇಜ್ ಹಾಕಿದೆ: ಈ ಪ್ರಶ್ನೆಗಳಿಂದ ಮನಸ್ಸು ಭಾರವಾಗಿದ್ರೆ 14416ಕ್ಕೆ ಫೋನ್ ಮಾಡಿ, ಟೆಲಿ ಮಾನಸ್, ದುಡ್ಡು ಕೊಡಬೇಕಿಲ್ಲ, ಕನ್ನಡದಲ್ಲೂ ಮಾತಾಡ್ತಾರೆ. 43ನೇ ಸಾಲಿನವರು ಅದನ್ನ ನೋಡಿದ್ರಾ? ಗೊತ್ತಿಲ್ಲ. ಇವತ್ತಿಗೂ ಗೊತ್ತಿಲ್ಲ.

ಹಾಗಾದ್ರೆ ಆ ಪ್ರಶ್ನೆ ಕೇಳಲೇಬಾರದಾ? ಕೇಳಬಹುದು. ಕೇಳಿದ್ರೆ ಆ ಯೋಚನೆ ತಲೆಗೆ ತುಂಬಿದಂತೆ ಅಂತ ತುಂಬಾ ಜನ ಹೆದರ್ತಾರೆ, ಸಂಶೋಧನೆಗಳು ಹಾಗೇನೂ ಆಗೋದಿಲ್ಲ ಅಂತಲೇ ಹೇಳಿವೆ. ಸಮಸ್ಯೆ ಇರೋದು ಕೇಳಿ ಸುಮ್ಮನಾಗೋದರಲ್ಲಿ. ಉತ್ತರ ಬಂದ ಮೇಲೆ ಏನೂ ಮಾಡೋ ಸ್ಥಿತಿಯಲ್ಲಿ ಇಲ್ಲದಿದ್ರೆ ಕೊನೆಯ ಪ್ರಶ್ನೆ ಬಿಟ್ಟ ಎಂಟು ಪ್ರಶ್ನೆಗಳ ಪಿಎಚ್‌ಕ್ಯೂ-8 ಅಂತಲೇ ಒಂದಿದೆ. ಅದು ಇದೆ ಅಂತ ನನಗೆ ಗೊತ್ತಾಗಿದ್ದು ವೈವಾ ಮುಗಿದ ಮೇಲೆ!

ಇನ್ನೊಂದು ತಪ್ಪು ಹೇಳ್ತೀನಿ. ಆನ್‌ಲೈನಲ್ಲಿ ನೂರು ತುಂಬಲಿಲ್ಲ ಅಂತ ಪ್ರಿಂಟ್ ಹಿಡಿದು ಪಿಜಿಗಳಿಗೆ ಹೋದೆ. ಒಂದು ಕಡೆ ಓನರ್, ಅಡುಗೆಯವರನ್ನ ಕರೆದು, "ಬಾಮ್ಮ ಇಲ್ಲಿ, ಈ ಹುಡುಗಿಗೆ ಒಂದು ಸೈನ್ ಹಾಕ್ಕೊಡು" ಅಂದ್ರು. ಅವರೂ ಪಿಜಿಯಲ್ಲೇ ಇರ್ತಾರಲ್ಲ, ನಡೆಯುತ್ತೆ ಅಂತ ನನ್ನ ಲೆಕ್ಕ. ಕೈ ಒರೆಸಿಕೊಂಡು ಬಂದವರು ಕೇಳಿದ್ದು ಒಂದೇ ಮಾತು: "ಎಲ್ಲಿ ಹಾಕ್ಬೇಕು ತಾಯಿ?" ಏನು, ಯಾಕೆ ಅಂತ ಕೇಳಲಿಲ್ಲ. ಓನರ್ ಎದುರಿಗೆ ನಿಂತಿರುವಾಗ ಬೇಡ ಅನ್ನೋಕಾಗುತ್ತಾ? ಐಸಿಎಂಆರ್ 2017ರ ಮಾರ್ಗಸೂಚಿ ಇಂಥವರ ಬಗ್ಗೆ ಸ್ಪಷ್ಟವಾಗಿ ಹೇಳುತ್ತೆ. ಮೇಲಿನವರ ಮಾತು ಮೀರಲಾಗದ ನೌಕರರು, ವಿದ್ಯಾರ್ಥಿಗಳ ಒಪ್ಪಿಗೆ ತಗೊಳ್ಳುವಾಗ ಹೆಚ್ಚು ಎಚ್ಚರ ಬೇಕು. ನಾನು ಓದಿದ್ದೆ, ಪರೀಕ್ಷೆಗೆ.

ಸುಸ್ತಿನ ಪ್ರಶ್ನೆ ಓದಿ ಹೇಳಿದಾಗ ಅವರು ನಕ್ಕುಬಿಟ್ರು. "ನಾಲ್ಕೂವರೆಗೆ ಎದ್ದು ನಲವತ್ತು ಜನಕ್ಕೆ ತಿಂಡಿ ಮಾಡ್ತೀನಿ, ಸುಸ್ತಾಗದೆ ಇರುತ್ತಾ?" ನಾನು 3 ಅಂತ ಬರ್ಕೊಂಡೆ. ದುಡಿದು ಬಂದ ಸುಸ್ತು ನನ್ನ ಶೀಟ್‌ನಲ್ಲಿ ಖಿನ್ನತೆಯ ಅಂಕವಾಗಿ ಕೂತ್ಕೊಳ್ತು. ಇಲ್ಲಿ ವಿಧಾನದ ತಪ್ಪು ಬೇರೆ, ನೈತಿಕತೆಯ ತಪ್ಪು ಬೇರೆ ಅಂತ ಗೆರೆ ಎಳೆಯೋಕೆ ನನಗಂತೂ ಬರೋದಿಲ್ಲ.

ನಿಮ್ಹಾನ್ಸ್ 2015-16ರಲ್ಲಿ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಮೀಕ್ಷೆ ನಡೆಸಿತಲ್ಲ, 12 ರಾಜ್ಯಗಳ 34,802 ವಯಸ್ಕರನ್ನ ಮಾತಾಡಿಸಿದ್ರು. ಅದಕ್ಕೂ ಮೊದಲು ನಮ್ಮ ಕೋಲಾರ ಜಿಲ್ಲೆಯಲ್ಲಿ ಪ್ರಯೋಗ ಮಾಡಿ ನೋಡಿದ್ರು. ಆಮೇಲೆ ತರಬೇತಿ ಪಡೆದವರು ಮನೆಮನೆಗೆ ಹೋಗಿ ಕೇಳಿದ್ರು. ನಾನು ಒಂದು ಪಿಜಿಯಲ್ಲೂ ಮೊದಲು ಕೇಳಿ ನೋಡಲಿಲ್ಲ.

ದೊಡ್ಡವರೂ ತಪ್ಪಿಲ್ಲ ಅಂತಲ್ಲ. 2012ರ ಜನವರಿಯಲ್ಲಿ ಫೇಸ್‌ಬುಕ್ ಒಂದು ವಾರ 6,89,003 ಜನರ ಫೀಡ್‌ನಲ್ಲಿ ಖುಷಿಯ ಅಥವಾ ಬೇಸರದ ಪೋಸ್ಟ್ ಕಡಿಮೆ ಮಾಡಿ, ಅವರು ಏನು ಬರೀತಾರೆ ಅಂತ ನೋಡಿತು. ಅವರ್ಯಾರಿಗೂ ಗೊತ್ತೇ ಇರಲಿಲ್ಲ. 2014ರಲ್ಲಿ ಪ್ರಬಂಧ ಪ್ರಕಟವಾದಾಗ ಗಲಾಟೆ ಆಯ್ತು. ಆಪ್ ಹಾಕ್ಕೊಳ್ಳುವಾಗ 'ಐ ಅಗ್ರೀ' ಒತ್ತಿದ್ದು ಸಾಕು ಅನ್ನೋ ವಾದ ಅವತ್ತೂ ಇತ್ತು. ಎಲ್ಲಿ ಹಾಕ್ಬೇಕು ತಾಯಿ ಅಂದಂಗೇ ಅಲ್ವಾ ಅದೂ?

ಕಳೆದ ವಾರದ ಮೂರು ಫಾರ್ಮ್‌ಗಳಲ್ಲಿ ಒಂದರಲ್ಲಿ ಒಂಬತ್ತನೇ ಪ್ರಶ್ನೆ ಇತ್ತು, ಸಹಾಯವಾಣಿ ನಂಬರ್ ಇರಲಿಲ್ಲ. ಕಳಿಸಿದ ಹುಡುಗನಿಗೆ ಫೋನ್ ಮಾಡಿದೆ. "ಅಕ್ಕ, ಆಗಲೇ 61 ಬಂದಿದೆ. ಈಗ ಬದಲಾಯಿಸಿದ್ರೆ ಡೇಟಾ ಹಾಳಾಗಲ್ವಾ?" ಅಂದ. ಪ್ರಶ್ನೆ ಮುಟ್ಟಬೇಡಪ್ಪ, ಕೊನೆಯ ಪುಟದಲ್ಲಿ ನಂಬರ್ ಹಾಕು, ಈಗ ತುಂಬಿದವರಿಗೂ ಗ್ರೂಪಲ್ಲಿ ಕಳಿಸು ಅಂದೆ. ಮೊದಲು ಆ 61 ಸಾಲು ತೆಗೆದು ಕೊನೆಯ ಕಾಲಂ ನೋಡು ಅಂತಲೂ ಹೇಳಿದೆ. ಸ್ವಲ್ಪ ಹೊತ್ತು ಆ ಕಡೆಯಿಂದ ಮಾತೇ ಬರಲಿಲ್ಲ. ಆಮೇಲೆ, "ಅಕ್ಕ, ಲೈನಲ್ಲೇ ಇರ್ತೀರಾ?" ಅಂದ.