ಹೆಬ್ಬೆಟ್ಟಿನ ಲೆಕ್ಕ

ನಮ್ಮಲ್ಲಿ ಹೆಬ್ಬೆಟ್ಟು ಅಂದ್ರೆ ಒಂಥರಾ ಬೈಗುಳ. ಓದು ಬಾರದವರನ್ನು ಹಾಗೆ ಕರೀತೀವಿ. ಇವತ್ತು ಆ ಹೆಬ್ಬೆಟ್ಟನ್ನೇ ಓದೋದು ಹೇಗೆ ಅಂತ ಪೊಲೀಸರಿಗೆ ಕಲಿಸಿದ ಒಬ್ಬರ ಬಗ್ಗೆ ಮಾತಾಡ್ತೀನಿ. ಹೆಸರು ಅಜೀಜುಲ್ ಹಕ್. ಊರು ಖುಲ್ನಾ ಜಿಲ್ಲೆ, ಪೂರ್ವ ಬಂಗಾಳ. ಈಗ ಅದು ಬಾಂಗ್ಲಾದೇಶ.

ಪೂರ್ವ ಬಂಗಾಳ ನಮಗೇನೂ ದೂರ ಅಲ್ಲ. ಸಿಂಧನೂರಿನ ಆರ್.ಎಚ್. ಕ್ಯಾಂಪ್‌ಗಳ ಹಿರಿಯರು ಬಂದದ್ದು ಅಲ್ಲಿಂದಲೇ. ಆರ್.ಎಚ್. ಅಂದ್ರೆ ರಿಹ್ಯಾಬಿಲಿಟೇಶನ್, ಪುನರ್ವಸತಿ. ಅವು ಹೆಸರಿಲ್ಲದ ಊರುಗಳು, ನಂಬರ್ ಇರೋ ಊರುಗಳು. ಅಲ್ಲಿಗೆ ಆಮೇಲೆ ಬರೋಣ.

ಹಕ್ ಕಲ್ಕತ್ತಾದ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಗಣಿತ ಓದಿದವರು. ಬಂಗಾಳದ ಪೊಲೀಸ್ ಮುಖ್ಯಸ್ಥ ಎಡ್ವರ್ಡ್ ಹೆನ್ರಿ ಅವರನ್ನು ಸಬ್ ಇನ್‌ಸ್ಪೆಕ್ಟರ್ ಮಾಡಿಕೊಂಡ. ಸಮಸ್ಯೆ ಏನಿತ್ತು ಗೊತ್ತಾ? ಬೆರಳಚ್ಚು ತಗೊಳ್ಳೋದು ಸುಲಭ. ಸಾವಿರಾರು ಚೀಟಿಗಳ ನಡುವೆ ಬೇಕಾದ ಒಂದನ್ನು ಹುಡುಕೋದು ಹೇಗೆ?

ಹಕ್ ಕಂಡುಕೊಂಡ ದಾರಿ ನೋಡಿ. ಹತ್ತು ಬೆರಳನ್ನು ಐದು ಜೋಡಿ ಮಾಡಿ. ಮೊದಲ ಜೋಡಿಯ ಬೆರಳಲ್ಲಿ ಸುಳಿ ಇದ್ದರೆ 16 ಅಂಕ. ಮುಂದಿನ ಜೋಡಿಗಳಿಗೆ 8, 4, 2, 1. ಸುಳಿ ಇಲ್ಲದಿದ್ದರೆ ಸೊನ್ನೆ. ಪ್ರತಿ ಜೋಡಿಯಲ್ಲಿ ಒಂದು ಬೆರಳಿನ ಅಂಕ ಮೇಲಿನ ಸಾಲಿಗೆ, ಇನ್ನೊಂದರದ್ದು ಕೆಳಗಿನ ಸಾಲಿಗೆ. ಎರಡೂ ಮೊತ್ತಕ್ಕೆ ಒಂದೊಂದು ಸೇರಿಸಿ. ಅಡ್ಡ 32, ಉದ್ದ 32, ಒಟ್ಟು 1024 ಗೂಡುಗಳು. ಯಾವ ಚೀಟಿ ಯಾವ ಗೂಡಿಗೆ ಅಂತ ಲೆಕ್ಕವೇ ಹೇಳುತ್ತೆ. ಇಂಜಿನಿಯರಿಂಗ್ ಓದಿದವರಿಗೆ ಇದರ ಗುಟ್ಟು ತಕ್ಷಣ ಹೊಳೆಯುತ್ತೆ: ಇದು ಅಪ್ಪಟ ಬೈನರಿ! ಕಂಪ್ಯೂಟರ್ ಹುಟ್ಟೋಕೆ ಅರ್ಧ ಶತಮಾನ ಮುಂಚೆ, ಕಲ್ಕತ್ತಾದ ಒಂದು ಮರದ ಬೀರುವಿನಲ್ಲಿ.

1897ರಲ್ಲಿ ಕಲ್ಕತ್ತಾದಲ್ಲಿ ಬೆರಳಚ್ಚು ಬ್ಯೂರೋ ಶುರುವಾಯಿತು. ಜಲ್ಪಾಯ್‌ಗುರಿಯ ಒಂದು ಚಹಾ ತೋಟದಲ್ಲಿ ಮ್ಯಾನೇಜರನ ಕೊಲೆಯಾಯಿತು. ಹಣ ಹೋಗಿತ್ತು. ಅಲ್ಲಿದ್ದ ಬಂಗಾಳಿ ಪಂಚಾಂಗವೊಂದರ ಮೇಲೆ ಕಂದು ಬಣ್ಣದ ಕಲೆ. ಅದು ರಕ್ತ ಹತ್ತಿದ ಹೆಬ್ಬೆಟ್ಟು. ಬ್ಯೂರೋದ ಚೀಟಿಗಳಲ್ಲಿ ಹುಡುಕಿದರೆ, ಹಿಂದೆ ಕಳ್ಳತನಕ್ಕೆ ಜೈಲು ಕಂಡಿದ್ದ ಹಳೇ ಆಳು ಕಾಂಗಾಲಿ ಚರಣ್‌ನ ಬಲಗೈ ಹೆಬ್ಬೆಟ್ಟಿಗೆ ಅದು ತಾಳೆಯಾಯಿತು.

1898ರಲ್ಲಿ ತೀರ್ಪು ಬಂತು. ಕಳ್ಳತನಕ್ಕೆ ಶಿಕ್ಷೆ, ಕೊಲೆ ಆರೋಪದಿಂದ ಬಿಡುಗಡೆ. ಪೆಟ್ಟಿಗೆ ಮುಟ್ಟಿದ್ದಾನೆ ಅನ್ನೋದನ್ನು ಗುರುತು ಹೇಳುತ್ತೆ. ಕತ್ತಿ ಬೀಸಿದ್ದು ಇವನೇ ಅಂತ ಹೇಳಲ್ಲ. ನಮ್ಮ ಸ್ಟುಡಿಯೋಗಳಲ್ಲಿ ಹತ್ತು ನಿಮಿಷಕ್ಕೆ ಗಲ್ಲು ವಿಧಿಸ್ತೀವಲ್ಲ, ಅದಕ್ಕೇ ಈ ಕೇಸು ನನಗೆ ತುಂಬಾ ಇಷ್ಟ.

1901ರಲ್ಲಿ ಲಂಡನ್ನಿನ ಸ್ಕಾಟ್ಲೆಂಡ್ ಯಾರ್ಡ್ ಕೂಡ ಈ ಪದ್ಧತಿ ಹಿಡಿಯಿತು. ಜಗತ್ತು ಅದನ್ನು ಕರೆದದ್ದು 'ಹೆನ್ರಿ ಪದ್ಧತಿ' ಅಂತ. ಹಕ್ ಹೆಸರಿಲ್ಲ, ಜೊತೆಗೆ ದುಡಿದ ಹೇಮಚಂದ್ರ ಬೋಸ್ ಹೆಸರೂ ಇಲ್ಲ. ಹಕ್‌ಗೆ ಕೊನೆಗೆ ಖಾನ್ ಬಹದ್ದೂರ್ ಬಿರುದು ಕೊಟ್ಟರು, 5000 ರೂಪಾಯಿ ಕೊಟ್ಟರು. ತನ್ನ ಸಿಬ್ಬಂದಿಯಲ್ಲಿ ಹಕ್ ಅವರ ಪಾಲೇ ದೊಡ್ಡದು ಅಂತ ಹೆನ್ರಿ 1926ರಲ್ಲಿ ಒಪ್ಪಿಕೊಂಡ. ಅಷ್ಟು ಹೊತ್ತಿಗೆ ಪುಸ್ತಕಗಳೆಲ್ಲ ಅಚ್ಚಾಗಿ ಹೋಗಿದ್ದವು. ಬಿಹಾರದ ಮೋತಿಹಾರಿಯಲ್ಲಿ 1935ರಲ್ಲಿ ಹಕ್ ತೀರಿಕೊಂಡರು.

ಈಗ ಸಿಂಧನೂರಿಗೆ ಬನ್ನಿ. ಇವತ್ತು ರೇಷನ್ ಅಕ್ಕಿಗೆ ಹೆಬ್ಬೆಟ್ಟು ಒತ್ತಬೇಕು. ವರ್ಷಗಟ್ಟಲೆ ಕೆಸರಲ್ಲಿ ಭತ್ತ ನಾಟಿ ಮಾಡಿದ ಕೈಯಲ್ಲಿ ಗೆರೆ ಸವೆದಿರುತ್ತೆ. ಎಷ್ಟೋ ಸಲ ಮೆಷಿನ್ ಒಪ್ಪಲ್ಲ. ಒಪ್ಪಿದರೂ ಅದು ಹೇಳೋದು ಇಷ್ಟೇ: ಅವತ್ತು ಒತ್ತಿದವರು, ಇವತ್ತು ಒತ್ತಿದವರು ಒಬ್ಬರೇ. ಈ ದೇಶದವರಾ ಅಂತ ಕೇಳಿದರೆ ಯಾವ ಸುಳಿಯೂ ಉತ್ತರ ಕೊಡಲ್ಲ.

ಪೌರತ್ವ ತಿದ್ದುಪಡಿ ಕಾಯ್ದೆಯಡಿ 2024ರಲ್ಲಿ ಈ ಕ್ಯಾಂಪ್‌ಗಳ ಕೆಲವರಿಗೆ ಪ್ರಮಾಣಪತ್ರ ಸಿಕ್ಕಿತು. ಸಂತೋಷ. ಆದರೆ ಅರ್ಜಿಗೆ ಬೇಕಾಗಿದ್ದು ಹೆಬ್ಬೆಟ್ಟಲ್ಲ, ಹಳೇ ಕಾಗದ. ಉಟ್ಟ ಬಟ್ಟೆಯಲ್ಲಿ ಗಡಿ ದಾಟಿದ ಅಜ್ಜಿ ಅದನ್ನು ಎಲ್ಲಿಂದ ತರಬೇಕು? ಇವರು ಕದ್ದು ಬಂದು ಸಿಂಧನೂರು ಸೇರಿದವರಲ್ಲ. ಕರೆತಂದು ನೆಲೆ ಕೊಟ್ಟಿದ್ದು ಸರ್ಕಾರವೇ. ಅವತ್ತಿನ ರಿಜಿಸ್ಟರ್‌ಗಳು ಇರಬೇಕಾದದ್ದು ಸರ್ಕಾರದ ಬೀರುವಿನಲ್ಲೇ ತಾನೇ? ಅಜ್ಜಿಯನ್ನು ಕಚೇರಿಯಿಂದ ಕಚೇರಿಗೆ ಅಲೆಸೋ ಬದಲು ಆ ಬೀರು ತೆಗೀರಿ ಸಾರ್.