ತ್ರಿಕಾಸ್ಥಿ

ಪಿರಿಯಾಪಟ್ಟಣ ತಾಲ್ಲೂಕಿನ ಹಾರನಹಳ್ಳಿಯ ಕಡೆ ಹೊಗೆಸೊಪ್ಪಿನ ಹೊಲದಲ್ಲಿ ಬೆಳಗಿನಿಂದ ಬಗ್ಗಿ ಎಲೆ ಮುರಿದ ಹೆಂಗಸರು, ನೆಟ್ಟಗೆ ನಿಲ್ಲುವಾಗ ಎರಡು ಕೈಗಳನ್ನೂ ಹಿಂದಕ್ಕೆ ತಂದು ಸೊಂಟದ ಕೆಳಗೆ ಒತ್ತಿಕೊಳ್ಳುವುದುಂಟು. ಆ ಅಂಗೈಗಳ ಕೆಳಗಿರುವುದೇ ನಾವು ಈ ಹೊತ್ತು ಹೇಳಹೊರಟಿರುವ ಮೂಳೆ. ಆಯುರ್ವೇದದವರು ಆ ಸ್ಥಳವನ್ನು ತ್ರಿಕವೆಂದರು. ಅದರಿಂದ ಇದಕ್ಕೆ ತ್ರಿಕಾಸ್ಥಿಯೆಂದು ಹೆಸರು. ಲ್ಯಾಟಿನ್ ಭಾಷೆಯ 'ಸೇಕ್ರಮ್' ಎಂಬುದಕ್ಕೆ ಪವಿತ್ರವಾದುದೆಂದು ಅರ್ಥ. ಹಾಗೇಕೆ ಕರೆದರೆಂಬುದರಲ್ಲಿ ಪಂಡಿತರಿಗೆ ಒಮ್ಮತವಿಲ್ಲ. ಆ ಜಗಳ ನಮಗೆ ಬೇಡ.

ಹುಟ್ಟುವಾಗ ಇದು ಒಂದು ಮೂಳೆಯಲ್ಲ. ಬೆನ್ನೆಲುಬಿನ ಐದು ಮಣಿಗಳು ಹದಿಹರೆಯದಲ್ಲಿ ಬೆಸೆಯತೊಡಗಿ, 25-30 ವರ್ಷದ ಹೊತ್ತಿಗೆ ಒಂದೇ ತ್ರಿಕೋನವಾಗುತ್ತವೆ. ಅಗಲವಾದ ಬುಡ ಮೇಲಕ್ಕೆ, ಚೂಪಾದ ತುದಿ ಕೆಳಕ್ಕೆ. ಎರಡು ಸಾಲಿನಲ್ಲಿ ನಾಲ್ಕು ನಾಲ್ಕು ರಂಧ್ರಗಳಿದ್ದು, ಕಾಲಿಗೂ ಮೂತ್ರಕೋಶಕ್ಕೂ ಹೋಗುವ ನರಗಳು ಅವುಗಳ ಮೂಲಕ ಹೊರಬರುತ್ತವೆ.

ಇದನ್ನು ಕಮಾನಿನ ನಡುಗಲ್ಲಿಗೆ ಹೋಲಿಸುವ ವಾಡಿಕೆಯಿದೆ. ಹೋಲಿಕೆ ಅರ್ಧ ಮಾತ್ರ ಸರಿ. ಮೇಲಿನಿಂದ ಕೆಳಕ್ಕೆ ಇದು ಬೆಣೆಯಂತೆ ಕಿರಿದಾಗುವುದು ನಿಜ. ಆದರೆ ಮುಂದಿನಿಂದ ಹಿಂದಕ್ಕೂ ಕಿರಿದಾಗುತ್ತದೆ. ಆದುದರಿಂದ ಮೈಭಾರ ಬಿದ್ದೊಡನೆ ಮುಂದಕ್ಕೆ ಜಾರಬೇಕು. ಜಾರದಂತೆ ಹಿಂದಿನಿಂದ ಹಿಡಿದಿರುವುವು ಬಲವಾದ ಅಸ್ಥಿರಜ್ಜುಗಳು. ಹಗ್ಗದಲ್ಲಿ ತೂಗುಬಿಟ್ಟ ತೊಟ್ಟಿಲೆಂದರೇ ಹೆಚ್ಚು ಸರಿಯಾದೀತು.

ತೊಟ್ಟಿಲ ಮಾತು ಬಂದುದು ಒಳ್ಳೆಯದೇ ಆಯಿತು. ಹೆಂಗಸರಲ್ಲಿ ಈ ಮೂಳೆ ಗಿಡ್ಡ, ಅಗಲ. ಅದರ ಮೇಲಂಚಿನಿಂದ ಮುಂದಿನ ಮೂಳೆಯವರೆಗೆ ಸುಮಾರು 11 ಸೆಂಟಿಮೀಟರ್. ಕೂಸಿನ ತಲೆಯ ಅಗಲ ಸುಮಾರು 9.5. ಅಷ್ಟರಲ್ಲೇ ದಾರಿಯಾಗಬೇಕು! ತಾಯಿಗೆ ಬಾಲ್ಯದಲ್ಲಿ ರಿಕೆಟ್ಸ್ ರೋಗವಾಗಿದ್ದರೆ ಆ ಮೇಲಂಚು ಮುಂದೊತ್ತಿ ದಾರಿ ಕಿರಿದಾಗಬಹುದು. ಬಸುರಿನಲ್ಲಿ ಅಸ್ಥಿರಜ್ಜುಗಳು ಸಡಿಲವಾಗುತ್ತವೆ; ಹೆರಿಗೆಯಾದ ಮರುದಿನವೇ ಬಿಗಿಯುವುವಲ್ಲ, ತಿಂಗಳುಗಳು ಹಿಡಿಯುತ್ತವೆ. ಬಾಣಂತನದ ವಿಶ್ರಾಂತಿಯನ್ನು ಹಳೆಯ ಕಟ್ಟಳೆಯೆಂದು ನಗುವ ವಿದ್ಯಾವಂತರು ಇದನ್ನು ಗಮನಿಸಬೇಕು. ಕೂಲಿಯ ಮನೆಗಳಲ್ಲಿಯಾದರೋ ಆ ವಿಶ್ರಾಂತಿಯೇ ಮೊದಲು ಕಡಿತವಾಗುವುದು.

ಅಂತಹವಳು 'ಸೊಂಟನೋವು' ಎಂದರೆ ಎಲ್ಲಿ ಎಂದು ಕೇಳಬೇಕು. ಒಂದೇ ಬೆರಳಿನಿಂದ ತೋರಿಸೆನ್ನಬೇಕು. ಸೊಂಟದ ಕೆಳಗೆ ಎರಡು ಕಡೆ ಕಾಣುವ ಗುಳಿಗಳ ಪಕ್ಕಕ್ಕೆ ಬೆರಳು ಹೋದರೆ, ಮಗ್ಗುಲಾಗುವಾಗಲೂ ಒಂಟಿಕಾಲಿನಲ್ಲಿ ನಿಂತಾಗಲೂ ನೋವು ಹೆಚ್ಚಿದರೆ, ತ್ರಿಕದ ಕೀಲನ್ನು ವೈದ್ಯರು ಪರೀಕ್ಷಿಸತಕ್ಕದ್ದು. ಕುಳಿತುಕೊಳ್ಳುವ ಭಾಗ ಜೋಮು ಹಿಡಿದು ಮೂತ್ರ ಕಟ್ಟಿದರೆ ಮಾತ್ರ ಎಣ್ಣೆ, ಶಾಖಗಳಿಗೆ ಕಾಯದೆ ಅಂದೇ ಆಸ್ಪತ್ರೆಗೆ ಕರೆದೊಯ್ಯಬೇಕು.